ಅಜ್ಜನ ಕಾರಿನ ಮೂತಿ

ಹದಿನೈದು ಕೆಜಿ ಎಣ್ಣೆ ಡಬ್ಬದ ತಳ ಒತ್ತಿ ಆಟ ಆಡಿದ್ದೀರಾ? ಖಾಲಿ ಡಬ್ಬ ಬೋರಲು ಹಾಕಿ ಹೆಬ್ಬೆರಳಲ್ಲಿ ಒತ್ತಿದ್ರೆ 'ಡುಬುಕ್' ಅಂತ ಒಳಗೆ ಹೋಗುತ್ತೆ, ಬಿಟ್ರೆ 'ಡುಬುಕ್' ಅಂತ ಹೊರಗೆ ಬರುತ್ತೆ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಮದುವೆ ಮನೆ ಅಂದ್ರೆ ಹುಡುಗರಿಗೆಲ್ಲ ಅದೇ ವಾದ್ಯ. ಅಡುಗೆ ಭಟ್ಟರು ಸೌಟು ಹಿಡಿದು ಅಟ್ಟಿಸಿಕೊಂಡು ಬರೋವರೆಗೂ ಬಾರಿಸ್ತಿದ್ವಿ.

ಆ ಸದ್ದು ಮತ್ತೆ ಕೇಳಿದ್ದು ಇಪ್ಪತ್ತೈದು ವರ್ಷ ಆದ ಮೇಲೆ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಪಕ್ಕದ ಮನೆಯವರ ಗ್ಯಾರೇಜಿನಲ್ಲಿ. ನಾನೇ ಡಿಸೈನ್ ಮಾಡಿ, ನಾನೇ ಕತ್ತರಿಸಿ, ನಾನೇ ರಿವಿಟ್ ಹೊಡೆದಿದ್ದ ಅಲ್ಯೂಮಿನಿಯಂ ತಗಡು ಅದು. ಕಾರಿನ ಎಡಗಡೆ ಪಕ್ಕೆ. ಹೆಮ್ಮೆಯಿಂದ ಅಂಗೈ ಇಟ್ಟೆ. ಡುಬುಕ್.

ಪಕ್ಕದಲ್ಲಿ ನಿಂತಿದ್ದ ಅಜ್ಜ ನಗಲಿಲ್ಲ. "ಇದಕ್ಕೆ ನಮ್ಮಲ್ಲಿ ಆಯಿಲ್ ಕ್ಯಾನಿಂಗ್ ಅಂತೀವಿ" ಅಂದರು. ನಾನು ನಗೋಕೆ ಶುರು ಮಾಡಿದೆ. ಎಣ್ಣೆ ಡಬ್ಬ! ಜಗತ್ತಿನ ಎರಡು ಮೂಲೆಯಲ್ಲಿ ಒಂದೇ ಡಬ್ಬ, ಒಂದೇ ಸದ್ದು, ಒಂದೇ ಹೆಸರು. ಅಜ್ಜ ಮಾತ್ರ ಡ್ರಿಲ್ ತಂದು ನನ್ನ ಕೈಗಿಟ್ಟರು. "ಎಲ್ಲ ರಿವಿಟ್ಟೂ ತೆಗಿ."

ಎಣಿಸಿದ್ದೆ. ಅರವತ್ತೆರಡು ರಿವಿಟ್.

*

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಹಾಸನದಲ್ಲಿ ಬಿಇ ಮಾಡಿದ್ದು ಮೆಕ್ಯಾನಿಕಲ್. ಕ್ಯಾಂಪಸ್ಸಿಗೆ ಬಂದಿದ್ದು ಸಾಫ್ಟ್‌ವೇರ್ ಕಂಪನಿ. ಮುಂದಿನ ಕಥೆ ನಿಮಗೆ ಗೊತ್ತೇ ಇದೆ, ಯಾಕಂದ್ರೆ ನಿಮ್ಮಲ್ಲೂ ಅರ್ಧ ಜನರ ಕಥೆ ಅದೇ. ಥರ್ಮೋಡೈನಮಿಕ್ಸ್ ಓದಿದವರು, ಸೇತುವೆ ಕಟ್ಟಬೇಕಿದ್ದವರು, ಎಲ್ಲರೂ ಒಂದೇ ಟ್ರೇನಿಂಗ್ ರೂಮಿನಲ್ಲಿ ಜಾವಾ ಕಲಿತ್ವಿ. ಹನ್ನೆರಡು ವರ್ಷದಲ್ಲಿ ನಾನು ಬರೆದ ಕೋಡ್ ಎಷ್ಟೋ ಲಕ್ಷ ಸಲ ಓಡಿದೆ. ಆದರೆ ಊರಿಗೆ ಹೋದಾಗ ಅಪ್ಪ "ನೀನು ಅಲ್ಲಿ ಏನ್ ಮಾಡ್ತೀಯಪ್ಪ?" ಅಂತ ಕೇಳಿದ್ರೆ ಕೈಯಲ್ಲಿ ಹಿಡಿದು ತೋರಿಸೋಕೆ ಒಂದು ಸ್ಕ್ರೂ ಕೂಡ ಇಲ್ಲ.

ಅಜ್ಜ ಪರಿಚಯ ಆಗಿದ್ದು 2020ರ ಲಾಕ್‌ಡೌನಿನಲ್ಲಿ, ಬೇಲಿಯ ಮೇಲಿಂದ. ಇಲ್ಲಿ ಎಷ್ಟು ವಯಸ್ಸಾದವರನ್ನೂ ಹೆಸರು ಹಿಡಿದೇ ಕರೀಬೇಕು. ನನಗೆ ಬಾಯಿ ಬರಲಿಲ್ಲ. ಒಂದು ದಿನ ಅಪ್ಪಿತಪ್ಪಿ "ಅಜ್ಜ" ಅಂದುಬಿಟ್ಟೆ. ಅರ್ಥ ಕೇಳಿದರು, ಹೇಳಿದೆ. ಎರಡು ಸಲ ತಾವೇ ಅಂದುಕೊಂಡು ನೋಡಿ "ಇರಲಿ" ಅಂದರು. ಅವತ್ತಿಂದ ಅಜ್ಜ.

ಕೊವೆಂಟ್ರಿ ಒಂದು ಕಾಲಕ್ಕೆ ಬ್ರಿಟನ್ನಿನ ಕಾರಿನ ಊರು. ಅಜ್ಜ ಇಲ್ಲಿನ ಒಂದು ಕಾರ್ಖಾನೆಯ ಬಾಡಿ ಶಾಪಿನಲ್ಲಿ ತಪಾಸಣೆ ಕೆಲಸದಲ್ಲಿದ್ದವರು. ಕೈಗೆ ಹತ್ತಿಯ ಗ್ಲೌಸ್ ಹಾಕಿಕೊಂಡು, ಬಣ್ಣಕ್ಕೆ ಹೋಗೋ ಮುಂಚೆ ಬಾನೆಟ್ಟು, ಬಾಗಿಲು, ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿ, ತಗ್ಗು-ಉಬ್ಬು ಸಿಕ್ಕಿದ ಕಡೆ ಸುತ್ತು ಹಾಕೋದು. ಅದೇ ಕೆಲಸ, ವರ್ಷಗಟ್ಟಲೆ.

ಅವರ ಗ್ಯಾರೇಜಿನಲ್ಲಿ ಟಾರ್ಪಾಲಿನ ಕೆಳಗೆ ಒಂದು ಕಬ್ಬಿಣದ ಪಂಜರ ಇತ್ತು. ಅದರ ಹಿಂದೆ ಒಂದು ಪುಸ್ತಕ.

*

ಪುಸ್ತಕದ ಕಥೆ ಹೇಳ್ಬೇಕು. 1957ರಲ್ಲಿ ಕಾಲಿನ್ ಚಾಪ್ಮನ್ ಅನ್ನೋ ಎಂಜಿನಿಯರ್ ಲೋಟಸ್ ಸೆವೆನ್ ಅನ್ನೋ ಪುಟ್ಟ ಕಾರು ತಂದ. ಎರಡು ಸೀಟು, ಬಾಗಿಲಿಲ್ಲ, ಮಳೆಗೆ ನೆಟ್ಟಗೆ ಮರೆಯೂ ಇಲ್ಲ. ಎಂಜಿನ್ ದೊಡ್ಡದು ಮಾಡೋ ಬದಲು ಕಾರನ್ನೇ ಹಗುರ ಮಾಡಬೇಕು ಅನ್ನೋದು ಚಾಪ್ಮನ್ನನ ತತ್ವ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಖರೀದಿ ತೆರಿಗೆ ಉಳೀತಿತ್ತು, ಹಾಗಾಗಿ ಎಷ್ಟೋ ಜನ ಗ್ಯಾರೇಜಿನಲ್ಲೇ ಕಟ್ಟಿಕೊಂಡರು. 1973ರಲ್ಲಿ ಕೇಟರ್‌ಹ್ಯಾಮ್‌ನವರು ಅದರ ಹಕ್ಕು ಕೊಂಡು ಇವತ್ತಿಗೂ ಅದೇ ಧಾಟಿಯ ಕಾರು ಮಾಡ್ತಿದ್ದಾರೆ.

1996ರಲ್ಲಿ ರಾನ್ ಚಾಂಪಿಯನ್ ಅನ್ನೋರು 250 ಪೌಂಡಿನಲ್ಲಿ ನಿಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಅಂತ ಒಂದು ಪುಸ್ತಕ ಬರೆದರು. ಒಂದು ಇಂಚಿನ ಚೌಕ ಕಬ್ಬಿಣದ ಪೈಪು ವೆಲ್ಡ್ ಮಾಡಿ ಪಂಜರ, ಗುಜರಿಗೆ ಹೋಗೋ ಹಳೇ ಫೋರ್ಡ್ ಎಸ್ಕಾರ್ಟಿನ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು. 'ಲೋಕಾಸ್ಟ್' ಅಂತಲೇ ಈ ಜಾತಿಗೆ ಹೆಸರು ಬಿತ್ತು. ಅಜ್ಜ ಆ ಪುಸ್ತಕ ಕೊಂಡು, ಪಂಜರ ವೆಲ್ಡ್ ಮಾಡಿ, ಎಂಜಿನ್ ಕೂರಿಸೋ ಹೊತ್ತಿಗೆ ಹೆಂಡತಿಗೆ ಕಾಯಿಲೆ ಆಯ್ತು. ಟಾರ್ಪಾಲು ಮುಚ್ಚಿದವರು ಇಪ್ಪತ್ತು ವರ್ಷ ತೆಗೆದಿರಲಿಲ್ಲ.

ಲಾಕ್‌ಡೌನಿನಲ್ಲಿ ಇಬ್ಬರೂ ಸೇರಿ ತೆಗೆದ್ವಿ. ಅಜ್ಜನ ಬೆರಳ ಗಂಟುಗಳು ಊದಿಕೊಂಡಿದ್ದವು, ಸ್ಪ್ಯಾನರ್ ಬಿಗಿಯಾಗಿ ಹಿಡಿಯೋಕೆ ಆಗ್ತಿರಲಿಲ್ಲ. ಎಂಜಿನ್, ಬ್ರೇಕು, ಸಸ್ಪೆನ್ಷನ್ ಅವರು ಹೇಳಿದ ಹಾಗೆ ನಾನು ಮಾಡಿದೆ. ಬಾಡಿ ಮಾತ್ರ ನನಗೆ ಬಿಡಿ ಅಂದೆ. "ಲ್ಯಾಪ್‌ಟಾಪಲ್ಲಿ ಡಿಸೈನ್ ಮಾಡ್ತೀನಿ. ನಾನು ಮೆಕ್ಯಾನಿಕಲ್ ಎಂಜಿನಿಯರ್."

ಹನ್ನೆರಡು ವರ್ಷದಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

*

ಈ ಥರದ ಕಾರಿನಲ್ಲಿ ಭಾರ ಹೊರೋದು ಪಂಜರ. ಬಾಡಿ ಅಂದ್ರೆ ಮೇಲಿನ ಅಂಗಿ. ಆದರೆ ಅಂಗಿ ಹಗುರ ಇರ್ಬೇಕು. 1.2 ಮಿ.ಮೀ. ಅಲ್ಯೂಮಿನಿಯಂ ತಗಡು ಒಂದು ಚದರ ಮೀಟರಿಗೆ ಸುಮಾರು 3.2 ಕೆಜಿ. ಮಾಮೂಲಿ ಕಾರಿನ 0.8 ಮಿ.ಮೀ. ಉಕ್ಕಿನ ತಗಡಾದರೆ 6.3 ಕೆಜಿ. ಅರ್ಧಕ್ಕರ್ಧ. ನಮ್ಮ ಮಾರುತಿ 800 ಇತ್ತಲ್ಲ, ಅದು ಸುಮಾರು 650 ಕೆಜಿ. ಅಜ್ಜನ ಕಾರು ಅದಕ್ಕಿಂತಲೂ ಹಗುರ ಇರಬೇಕಿತ್ತು.

ಮೊದಲು ತೀರ್ಮಾನ ಮಾಡಬೇಕಿದ್ದು ಯಾವ ಭಾಗ ತಗಡು, ಯಾವ ಭಾಗ ಫೈಬರ್ ಅಂತ. ಇದು ಕಡ್ಲೇಕಾಯಿ ಪೊಟ್ಟಣದ ಲೆಕ್ಕ. ಪೇಪರ್ ಸುತ್ತಿ ಪೊಟ್ಟಣ ಮಾಡಿದ್ರೆ ಒಂದು ಸುಕ್ಕೂ ಬೀಳಲ್ಲ, ಯಾಕಂದ್ರೆ ಅದು ಒಂದೇ ದಿಕ್ಕಿಗೆ ಬಾಗುತ್ತೆ. ಅದೇ ಪೇಪರನ್ನ ತೆಂಗಿನಕಾಯಿಗೆ ಸುತ್ತಿ ನೋಡಿ. ಸುಕ್ಕಿನ ರಾಶಿ. ಎರಡೂ ದಿಕ್ಕಿಗೆ ಬಾಗೋ ಮೈಗೆ ತಗಡು ಸುಮ್ಮನೆ ಒಗ್ಗಲ್ಲ. ಬಡಿದು ಹಿಗ್ಗಿಸಬೇಕು, ಅದಕ್ಕೆ ಜನ್ಮವಿಡೀ ಪಳಗಿದ ಕೈ ಬೇಕು. ಹಾಗಾಗಿ ಪಕ್ಕೆಗಳು, ಬಾನೆಟ್ಟು, ಡ್ಯಾಶ್‌ಬೋರ್ಡಿನ ಮುಂದೆ ಕಾಲಿನ ಮೇಲೆ ಕಮಾನಿನ ಹಾಗೆ ಬರೋ ಭಾಗ, ಇವೆಲ್ಲ ಪೊಟ್ಟಣದ ಜಾತಿ, ಅಲ್ಯೂಮಿನಿಯಂ. ಮುಂದಿನ ಮೂತಿ ಮತ್ತು ಚಕ್ರದ ಮೇಲಿನ ಮಡ್‌ಗಾರ್ಡು ತೆಂಗಿನಕಾಯಿ ಜಾತಿ, ಅಚ್ಚು ಮಾಡಿ ಫೈಬರ್‌ಗ್ಲಾಸಿನಲ್ಲಿ ತೆಗೀಬೇಕು.

ಪೊಟ್ಟಣದ ಜಾತಿಗೆ ರಟ್ಟು ಸಾಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ಪಂಜರದ ಮೇಲಿಟ್ಟು ನೋಡೋದು, ಸರಿ ಬಂದ್ರೆ ತಗಡಿನ ಮೇಲಿಟ್ಟು ಗೀಟು ಎಳೆಯೋದು. ಇಷ್ಟು ಸುಲಭದ ಕೆಲಸದಲ್ಲೇ ನಾನು ಡುಬುಕ್ ಅನ್ನಿಸಿದ್ದು. ಯಾಕೆ? ನಾನು ಮೊದಲು ನಾಲ್ಕು ಮೂಲೆಗೆ ರಿವಿಟ್ ಹೊಡೆದಿದ್ದೆ. ಗೋಡೆಗೆ ಕ್ಯಾಲೆಂಡರ್ ಅಂಟಿಸುವಾಗ ನಾಲ್ಕು ಮೂಲೆ ಮೊದಲು ಅಂಟಿಸಿದ್ರೆ ನಡುವೆ ಗುಳ್ಳೆ ಉಳಿಯುತ್ತಲ್ಲ, ಹಾಗೆ ಸಡಿಲ ಎಲ್ಲ ನಡುವೆ ಬಂದು ಸಿಕ್ಕಿಕೊಂಡಿತ್ತು. ನಡುವಿನಿಂದ ಶುರು ಮಾಡಿ ಹೊರಗೆ ಹೋಗಬೇಕು. ಪೈಪಿಗೆ ಅಂಟು ಮೆತ್ತಿ ಕೂರಿಸಬೇಕು, ಆಗ ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನೇರ ತಾಗೋದು ತಪ್ಪಿ ಮಳೆಗಾಲದಲ್ಲಿ ತಗಡು ಸವೆಯಲ್ಲ. ಇನ್ನೊಂದು, ಅಗಲವಾದ ಚಪ್ಪಟೆ ತಗಡಿಗೆ ಉದ್ದಕ್ಕೆ ಒಂದು ಗೆರೆ ಒತ್ತಿದ್ರೆ ತಾನಾಗಿ ಗಟ್ಟಿಯಾಗುತ್ತೆ.

ಆ ಗೆರೆ ನಾನು ಎಲ್ಲೋ ನೋಡಿದ್ದೆ. ಹಾಸ್ಟೆಲಿಗೆ ಹೊತ್ತುಕೊಂಡು ಹೋಗಿದ್ದ ತಗಡಿನ ಟ್ರಂಕು. ತಿಪಟೂರಿನ ಸಂತೆ ಹತ್ತಿರ ಒಬ್ಬರು ಸಾಬರು ಮಾಡಿಕೊಟ್ಟಿದ್ದು. ಮುಚ್ಚಳದ ಮೇಲೆ ಎರಡು ಗೆರೆ ಒತ್ತಿದ್ದರು. ಅಂಚಿನಲ್ಲಿ ತಂತಿ ಇಟ್ಟು ತಗಡು ಸುತ್ತಿದ್ದರು, ಕೈ ಕುಯ್ಯಬಾರದು ಅಂತ. ನಾಲ್ಕು ವರ್ಷ ಅದರ ಮೇಲೆ ಕೂತು 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್' ಓದಿದ್ದೀನಿ. ಕೆಳಗೆ ಏನಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

*

ಈಗ ಮೂತಿ. ನಿಜವಾದ ಕಥೆ ಇದೇ.

ಈ ಕಾರಿಗೆ ಫೈಬರ್ ಮೂತಿ ರೆಡಿಮೇಡ್ ಸಿಗುತ್ತೆ. ಅಜ್ಜ "ತರಿಸಿಬಿಡೋಣ, ಬೇಸಿಗೆ ಮುಗಿಯೋದರೊಳಗೆ ಕಾರು ಟೆಸ್ಟಿಗೆ ಹೋಗುತ್ತೆ" ಅಂದರು. ಅದು 2021ರ ಜುಲೈ. ನಾನು ಬೇಡ ಅಂದೆ. ಎಲ್ಲರ ಕಾರಿಗೂ ಇರೋ ಮೂತಿ ನಮಗ್ಯಾಕೆ? ಆಗಲೇ ರಾತ್ರಿಯೆಲ್ಲ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಮೂತಿ ಬರೆದಿದ್ದೆ. ಎರಡೂ ಕಡೆ ತುಂಬಿದ ಕೆನ್ನೆ, ಆಮೇಲೆ ಮೆಲ್ಲಗೆ ಒಳಗೆ ಜಾರಿ ಬಾನೆಟ್ಟಿಗೆ ಸೇರೋದು. ಪರದೆಯ ಮೇಲೆ ಕಪ್ಪು-ಬಿಳಿ ಪಟ್ಟೆ ಬಿಟ್ಟು ಮೈ ನುಣುಪಾಗಿದೆಯಾ ಅಂತ ನೋಡೋ ಸೌಲಭ್ಯ ಇದೆ. ಪಟ್ಟೆಗಳು ಎಲ್ಲೂ ಮುರಿಯದೆ ನೀರಿನ ಹಾಗೆ ಹರೀತಿದ್ದವು.

ಆ ಗೆರೆಗಳ ಗಣಿತ ಹುಟ್ಟಿದ್ದೇ ಕಾರಿನ ಬಾಡಿಗೋಸ್ಕರ. ಹಡಗು ಕಟ್ಟೋರು ತೆಳ್ಳನೆ ಮರದ ಪಟ್ಟಿ ಬಾಗಿಸಿ, ಭಾರ ಇಟ್ಟು, ಗೆರೆ ಎಳೀತಿದ್ದರು. ಅದನ್ನ ಲೆಕ್ಕಕ್ಕೆ ಇಳಿಸಿದವರು ಇಬ್ಬರು ಫ್ರೆಂಚರು. ಸಿಟ್ರೊಯೆನ್ ಕಂಪನಿಯ ಪಾಲ್ ಡಿ ಕಾಸ್ಟೆಲ್ಜೋ 1959ರಲ್ಲಿ, ರೆನೋ ಕಂಪನಿಯ ಪಿಯರ್ ಬೆಝಿಯೆ ಅರವತ್ತರ ದಶಕದಲ್ಲಿ. ಮೊದಲಿನವರ ಕೆಲಸವನ್ನ ಕಂಪನಿ ಗುಟ್ಟಾಗಿಟ್ಟಿತು, ಹೆಸರು ಎರಡನೆಯವರಿಗೆ ಹೋಯ್ತು. ಈಗ ನೀವು ಫೋನಿನಲ್ಲಿ ಓದೋ ಪ್ರತಿ ಕನ್ನಡ ಅಕ್ಷರದ ದುಂಡು ಕೂಡ ಬೆಝಿಯೆ ಗೆರೆಯೇ. ನಮ್ಮ 'ಠ'ದ ಹೊಟ್ಟೆಯೂ ರೆನೋ ಕಾರಿನ ಬಾನೆಟ್ಟೂ ಒಂದೇ ವಂಶ. ಇದು ಗೊತ್ತಾದ ರಾತ್ರಿ ನನಗೆ ಜಂಬ ಇನ್ನೂ ಜಾಸ್ತಿ ಆಯ್ತು. ನನ್ನ ಕೋಡೂ ನನ್ನ ಮೆಕ್ಯಾನಿಕಲ್ಲೂ ಕೊನೆಗೂ ಒಂದೇ ಕಡೆ ಸೇರಿದವು ಅಂತ.

ಹತ್ತು ಸೆಂ.ಮೀ.ಗೆ ಒಂದರಂತೆ ಅಡ್ಡ ಸೀಳು ಪ್ರಿಂಟ್ ತೆಗೆದು, ಪ್ಲೈವುಡ್ಡಿಗೆ ಅಂಟಿಸಿ ಕತ್ತರಿಸಿ, ನಡುವೆ ಫೋಮ್ ತುಂಬಿ ಉಜ್ಜಿದ್ದಾಯ್ತು. ಮೇಲೆ ಪುಟ್ಟಿ, ಮತ್ತೆ ಉಜ್ಜೋದು, ಪ್ರೈಮರ್, ಮತ್ತೆ ಉಜ್ಜೋದು. ಅಪ್ಪ ವಾಟ್ಸಾಪ್ ವಿಡಿಯೋದಲ್ಲಿ ನೋಡಿ "ಅಷ್ಟು ಓದಿ ಕೊನೆಗೆ ಟಿಂಕರಿಂಗ್ ಕೆಲಸಕ್ಕೆ ಸೇರ್ಕೊಂಡ್ಯೇನೋ?" ಅಂದರು. ನವೆಂಬರಿನ ಹೊತ್ತಿಗೆ ಮೂತಿಯ ಮಾದರಿ ಫಳಫಳ ಹೊಳೀತಿತ್ತು. ಅದಕ್ಕೆ ಪದರ ಪದರ ಮೇಣ ಹಚ್ಚಿ, ಮೇಲೆ ಜೆಲ್‌ಕೋಟ್, ಅದರ ಮೇಲೆ ರೆಸಿನ್ನಿನಲ್ಲಿ ನೆನೆಸಿದ ಫೈಬರ್ ಚಾಪೆ ಹಾಸಿ ಅಚ್ಚು ಮಾಡಿದೆ. ಒಣಗಿದ ಮೇಲೆ ಅಚ್ಚು ಬಿಡಿಸಬೇಕು. ಇದಕ್ಕೆ ಅವರಲ್ಲೂ 'ರಿಲೀಸ್' ಅಂತಲೇ ಅನ್ನೋದು. ಶುಕ್ರವಾರ ರಿಲೀಸ್ ಮಾಡಬಾರದು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ. ಅವತ್ತು ಶುಕ್ರವಾರ.

ಬರಲಿಲ್ಲ.

ಮರದ ಬೆಣೆ ಹೊಡೆದೆ. ಉಗುರು ಬೆಚ್ಚಗಿನ ನೀರು ಸುರಿದೆ. ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಅಜ್ಜ ಹೊರಗಿನಿಂದ ಅಚ್ಚಿನ ಮೇಲೆ ಕೈ ಆಡಿಸಿದರು, ಮುಂದಿಂದ ಹಿಂದಕ್ಕೆ. ನಡುವೆ ನಿಂತರು. ಮತ್ತೆ ಹಿಂದಿನ ಅಂಚಿಗೆ ಹೋದರು. ಏನೂ ಹೇಳಲಿಲ್ಲ. ನನಗೇ ಹೊಳೀತು, ಹೊಟ್ಟೆ ತಣ್ಣಗಾಯ್ತು.

ಇಡ್ಲಿ ಯಾಕೆ ತಟ್ಟೆಯಿಂದ ಬರುತ್ತೆ ಹೇಳಿ? ಎಣ್ಣೆ ಸವರಿರೋದು ಒಂದು ಕಾರಣ. ಇನ್ನೊಂದು, ಗುಳಿ ಕೆಳಗೆ ಕಿರಿದು, ಮೇಲೆ ಅಗಲ. ಅಚ್ಚಿನ ಶಾಸ್ತ್ರ ಎಲ್ಲ ಅಷ್ಟೇ. ಹೊರಗೆ ಬರೋ ದಿಕ್ಕಿಗೆ ಅಗಲ ಆಗ್ತಾ ಹೋಗಬೇಕು. ನನ್ನ ಮೂತಿಯ ಕೆನ್ನೆ ನಡುವೆ ಅಗಲ, ಹಿಂದೆ ಕಿರಿದು. ಬಿಂದಿಗೆ ಒಳಗೆ ಹಿಟ್ಟು ಹುಯ್ದು ಇಡ್ಲಿ ಬೇಯಿಸಿದ ಹಾಗೆ. ಒಂದೊಂದು ಕಡೆ 18 ಮಿ.ಮೀ., ಅಷ್ಟೇ ವ್ಯತ್ಯಾಸ. ಅಚ್ಚನ್ನ ನಡುವೆ ಸೀಳಿ ಎರಡು ಹೋಳಾಗಿ ಮಾಡಿದ್ರೆ ಬರ್ತಿತ್ತು. ಅದನ್ನ ಅಚ್ಚು ಮಾಡೋ ಮುಂಚೆ ಯೋಚಿಸಬೇಕಿತ್ತು. ಪರದೆ ಮೇಲೆ ಪಟ್ಟೆ ನೋಡ್ತಾ ಕೂತವನಿಗೆ 'ಇದು ಹೊರಗೆ ಬರೋದು ಹೇಗೆ' ಅನ್ನೋ ಪ್ರಶ್ನೆಯೇ ಬಂದಿರಲಿಲ್ಲ.

ಮಾದರಿ ಒಡೆದು ತೆಗೆದೆ. ಒಡೆಯುವಾಗ ಅಚ್ಚೂ ಸೀಳು ಬಿಟ್ಟಿತು. ಕಂಟ್ರೋಲ್-ಝಡ್ ಇಲ್ಲ. ನಾಲ್ಕು ತಿಂಗಳ ಕೆಲಸ ಗ್ಯಾರೇಜಿನ ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಹೊರಗೆ ಚಳಿ ಶುರುವಾಗಿತ್ತು. ಚಳಿಗೆ ಈ ರೆಸಿನ್ ನೆಟ್ಟಗೆ ಗಟ್ಟಿಯಾಗಲ್ಲ. ಹೀಟರ್ ಇಲ್ಲದ ಗ್ಯಾರೇಜು. ಇನ್ನು ಏಪ್ರಿಲಿಗೇ ಕೆಲಸ.

*

ಜನವರಿಯಲ್ಲಿ ಅಜ್ಜ ಕಣ್ಣು ತೋರಿಸಿಕೊಂಡು ಬಂದರು.

ನೋಟದ ನಡುಭಾಗ ಮಸುಕಾಗೋ ಕಾಯಿಲೆ. ಅಂಚಿನಲ್ಲಿ ಕಾಣುತ್ತೆ, ಯಾವುದನ್ನ ನೋಡ್ತೀವೋ ಅದೇ ಕಾಣಲ್ಲ. ಇಲ್ಲಿ 70 ವರ್ಷ ಆದ ಮೇಲೆ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು. 20 ಮೀಟರ್ ದೂರದ ನಂಬರ್ ಪ್ಲೇಟ್ ಓದೋಕೆ ಆಗಬೇಕು. ಅಜ್ಜನಿಗೆ ಆ ವರ್ಷ 76 ತುಂಬೋದಿತ್ತು. ರಸ್ತೆಯಲ್ಲಿ ನಿಂತಿದ್ದ ನನ್ನ ಕಾರಿನ ಪ್ಲೇಟನ್ನ ತಮ್ಮ ಬಾಗಿಲಿನಿಂದ ಓದೋಕೆ ನೋಡಿದರು. ಹೆಜ್ಜೆ ಹೆಜ್ಜೆಯಾಗಿ ಮುಂದೆ ಬಂದರು. ಬಂಪರ್ ಹತ್ತಿರ ಬಂದು ನಿಂತು, ಬಗ್ಗಿ, ಬೆರಳಿನಿಂದ ಅಕ್ಷರ ಮುಟ್ಟಿದರು. ಫೆಬ್ರವರಿಯಲ್ಲಿ ಲೈಸೆನ್ಸ್ ತಾವೇ ವಾಪಸ್ ಕಳಿಸಿದರು.

ರೆಡಿಮೇಡ್ ಮೂತಿ ತರಿಸಿದ್ರೆ? ಸೆಪ್ಟೆಂಬರಿನಲ್ಲಿ ಕಾರು ಟೆಸ್ಟಿಗೆ ಹೋಗ್ತಿತ್ತು. ಅಕ್ಟೋಬರ್, ನವೆಂಬರ್, ಡಿಸೆಂಬರ್. ಮೂರು ತಿಂಗಳಾದರೂ ಅಜ್ಜ ತಮ್ಮ ಕಾರನ್ನ ತಾವೇ ಓಡಿಸ್ತಿದ್ದರು. ಈ ಲೆಕ್ಕ ನಾನು ಎಷ್ಟು ರಾತ್ರಿ ಹಾಕಿದ್ದೀನಿ ಅಂದ್ರೆ, ತಾರೀಖು ಸಮೇತ ಬಾಯಿಪಾಠ. ಹೆಂಡತಿ "ಅವರು ಏನಾದ್ರೂ ಅಂದ್ರಾ?" ಅಂತ ಕೇಳಿದಳು. ಇಲ್ಲ. ಅದೇ ಕಷ್ಟ.

ಏಪ್ರಿಲಿನಲ್ಲಿ ಗ್ಯಾರೇಜಿಗೆ ಹೋದವನು ಮೊದಲು ಅದನ್ನೇ ಹೇಳಿದೆ. "ನನ್ನ ಹಟದಿಂದ ನಿಮ್ಮ ಕೈ ತಪ್ಪಿತು ಅಜ್ಜ. ಈಗಲಾದ್ರೂ ಮೂತಿ ತರಿಸಿಬಿಡೋಣ."

ಅಜ್ಜ ಸ್ಟೂಲಿನ ಮೇಲೆ ಕೂತಿದ್ದರು. "ಈ ಕಾರು ನಿಂತಿದ್ದು ಇಪ್ಪತ್ತು ವರ್ಷ. ಅದರಲ್ಲಿ ನಿನ್ನದು ಒಂದು ಚಳಿಗಾಲ. ಲೆಕ್ಕ ಸರಿಯಾಗಿ ಹಾಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಓಡಿಸಬೇಕು ಅಂತ ಆಸೆ ಇತ್ತು. ಸುಳ್ಳು ಹೇಳಲ್ಲ" ಅಂದರು. ಆಮೇಲೆ ಜೇಬಿನಿಂದ ಒಂದು ಜೊತೆ ಹತ್ತಿ ಗ್ಲೌಸ್ ತೆಗೆದು, ಒಂದನ್ನ ನನ್ನ ಕಡೆ ಚಾಚಿದರು. "ಈಗ ಕೊಂಡುಬಿಟ್ಟರೆ ಆ ಚಳಿಗಾಲ ನಿಜವಾಗ್ಲೂ ದಂಡ. ಇನ್ನೊಂದು ಮಾಡು. ಈ ಸಲ ಇಬ್ಬರೂ ಸೇರಿ."

*

ಎರಡನೇ ಮೂತಿಗೆ ಕೆನ್ನೆ ಇಲ್ಲ. ಮುಂದಿನ ಬಾಯಿಂದ ಹಿಂದಿನ ಅಂಚಿನವರೆಗೆ ಅಗಲ ಆಗ್ತಾ ಹೋಗುತ್ತೆ, ಎಲ್ಲೂ ವಾಪಸ್ ಬರಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆಯಲ್ಲಿ ಮುಗೀತು. ನೋಡೋಕೆ ಹೆಚ್ಚುಕಮ್ಮಿ ರೆಡಿಮೇಡ್ ಮೂತಿ ಥರಾನೇ ಬಂತು. ಅಷ್ಟು ವರ್ಷದಿಂದ ಎಲ್ಲರೂ ಹಾಗೇ ಮಾಡಿದ್ದಕ್ಕೆ ಕಾರಣ ಇತ್ತು ಅಂತ ಆಗ ಅರ್ಥ ಆಯ್ತು.

ಉಜ್ಜೋ ಕೆಲಸ ಶುರುವಾದ ಮೇಲೆ ಅಜ್ಜನ ಪಾಠ. ಬೆರಳ ತುದಿಯಲ್ಲಿ ಮುಟ್ಟಬೇಡ, ಇಡೀ ಅಂಗೈ ಇಡು. ಒತ್ತಬೇಡ. ಉದ್ದಕ್ಕೆ ಎಳಿ, ಆಮೇಲೆ ಓರೆಯಾಗಿ. ಬರಿ ಕೈ ಚರ್ಮ ಮೇಲ್ಮೈಗೆ ಅಂಟಿಕೊಳ್ಳುತ್ತೆ, ಬಟ್ಟೆ ಇದ್ರೆ ಜಾರುತ್ತೆ, ಆಗ ಏರಿಳಿತ ಮಾತ್ರ ಗೊತ್ತಾಗುತ್ತೆ. "ಈಗ ಕಣ್ಣು ಮುಚ್ಚು. ಕಣ್ಣು ಸುಳ್ಳು ಹೇಳಿ ಕೈಯನ್ನ ಒಪ್ಪಿಸುತ್ತೆ."

ಮೊದಲ ದಿನ ನನಗೆ ಏನೂ ಸಿಗಲಿಲ್ಲ. ನುಣ್ಣಗಿದೆ ಅಂದೆ. ಅಜ್ಜ ಅದೇ ಜಾಗದಲ್ಲಿ ಚಾಕ್‌ಪೀಸಿನಿಂದ ಐದು ಸುತ್ತು ಹಾಕಿದರು. ನಂಬಿಕೆ ಬರಲಿಲ್ಲ. ಮೇಲೆ ತೆಳ್ಳಗೆ ಕಪ್ಪು ಸ್ಪ್ರೇ ಹೊಡೆದು, ಉದ್ದನೆ ಮರದ ಹಲಗೆಗೆ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿದೆ. ತಗ್ಗಿದ್ದ ಕಡೆ ಕಪ್ಪು ಉಳೀತು. ಐದಕ್ಕೆ ಐದೂ ಸುತ್ತಿನ ಒಳಗೇ.

ಆವತ್ತು ಅಪ್ಪನ ನೆನಪಾಯ್ತು. ನಮ್ಮ ಕಡೆ ತೆಂಗಿನಕಾಯಿಯನ್ನ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಡ್ತಾರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗೋಕೆ. ಆಗಿದೆಯಾ ಅಂತ ಒಡೆದು ನೋಡೋ ಹಾಗಿಲ್ಲ. ಅಪ್ಪ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸ್ತಾರೆ. ಒಳಗೆ ಗಡಗಡ ಅಂದ್ರೆ ಈ ಕಡೆ, ಇಲ್ಲಾಂದ್ರೆ ಆ ಕಡೆ. ಚಿಕ್ಕವನಿದ್ದಾಗ ಜೊತೆಗೆ ಕೂತು ಬೇಸರವಾಗಿ ಓಡಿಹೋಗ್ತಿದ್ದೆ. ಓದು, ಓದು ಅಂತ ಅಟ್ಟದಿಂದ ಇಳಿಸಿ ಕಳಿಸಿದವರೂ ಅಪ್ಪನೇ. ರಾತ್ರಿ ಫೋನ್ ಮಾಡಿ ಅಜ್ಜನ ಅಂಗೈ ವಿಷಯ ಹೇಳಿದೆ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆ? ಮುಟ್ಟದೆ ಹೆಂಗ್ ಗೊತ್ತಾಗುತ್ತೆ?" ಅಂದರು.

ಮೇ ತಿಂಗಳ ಒಂದು ಭಾನುವಾರ, ಅಜ್ಜ ಒಂದು ಕಡೆಯಿಂದ, ನಾನು ಕಣ್ಣು ಮುಚ್ಚಿಕೊಂಡು ಇನ್ನೊಂದು ಕಡೆಯಿಂದ ಕೈ ಆಡಿಸ್ತಾ ಬಂದ್ವಿ. ಮೂತಿಯ ಮೇಲ್ಭಾಗದಲ್ಲಿ ಒಂದು ಕಡೆ ನನ್ನ ಕೈ ನಿಂತಿತು. ಅಲೆ ಅಂತಲೂ ಅನ್ನೋಕಾಗಲ್ಲ, ಏನೋ ಒಂದು ಸಣ್ಣ ಅನುಮಾನ. ಕಣ್ಣು ಬಿಟ್ಟೆ. ಅಜ್ಜನ ಗ್ಲೌಸು ನನ್ನ ಗ್ಲೌಸಿನ ಪಕ್ಕದಲ್ಲೇ ನಿಂತಿತ್ತು. "ಹೂಂ" ಅಂದರು, ಅಷ್ಟೇ. ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಅಪ್ರೈಸಲ್ ಆಗಿದೆ. ಅಂಥ ರೇಟಿಂಗ್ ಯಾವತ್ತೂ ಬಂದಿಲ್ಲ.

ಜೂನಿನಲ್ಲಿ ಅಚ್ಚು ಬಿಡಿಸಿದ್ವಿ. ಎರಡು ಬೆಣೆ, ಒಂದು ಏಟು. 'ಟಪ್' ಅಂತ ಬಂತು. ಇಡ್ಲಿ.

*

ಮನೆಯಲ್ಲಿ ಕಟ್ಟಿದ ಕಾರಿಗೆ ಇಲ್ಲಿ ಸರ್ಕಾರದ್ದೇ ಒಂದು ಪರೀಕ್ಷೆ ಇದೆ. ಬ್ರೇಕು, ಲೈಟು, ಹೊಗೆ ಎಲ್ಲ ನೋಡ್ತಾರೆ. ಬಾಡಿಗೂ ಒಂದು ಅಧ್ಯಾಯ. 100 ಮಿ.ಮೀ. ವ್ಯಾಸದ ಗೋಲವನ್ನ ಕಾರಿನ ಹೊರಮೈ ಮೇಲೆ ಆಡಿಸಿದ್ರೆ ಯಾವ್ಯಾವ ಅಂಚು ಅದಕ್ಕೆ ತಾಗುತ್ತೋ ಆ ಅಂಚೆಲ್ಲ ಕನಿಷ್ಠ 2.5 ಮಿ.ಮೀ. ದುಂಡಗಿರಬೇಕು. ಕಾರಿಗೆ ಯಾರಾದ್ರೂ ಸಿಕ್ಕಿದ್ರೆ ಮೈ ಕುಯ್ಯಬಾರದು ಅಂತ. ಟ್ರಂಕಿನ ಸಾಬರು ಈ ನಿಯಮ ಓದದೇನೇ ಪಾಲಿಸಿದ್ದರು.

ನಾವು ಮೊದಲ ಸಲ ಫೇಲ್ ಆದ್ವಿ. ಸೈಲೆನ್ಸರ್ ಹಿಡಿದಿದ್ದ ಒಂದು ಬೋಲ್ಟಿನ ತುದಿ ಹೊರಗೆ ಚಾಚಿತ್ತು. ಅದಕ್ಕೊಂದು ಟೋಪಿ ಹಾಕಿ ಮತ್ತೆ ತಗೊಂಡು ಹೋದ್ವಿ, ಪಾಸ್. ಮೂತಿ ಬಗ್ಗೆ ಪರೀಕ್ಷಕರು ಏನೂ ಹೇಳಲಿಲ್ಲ. ಅಂಚಿನ ಮೇಲೆ ಒಂದು ಸಲ ಕೈ ಆಡಿಸಿ ಮುಂದೆ ಹೋದರು.

ಬಿಡಿಭಾಗಗಳ ವಯಸ್ಸು ಖಚಿತವಾಗಿ ಗೊತ್ತಿಲ್ಲದ ಗಾಡಿಗೆ ಇಲ್ಲಿ 'ಕ್ಯೂ' ಅಕ್ಷರದಿಂದ ಶುರುವಾಗೋ ನಂಬರ್ ಕೊಡ್ತಾರೆ. ಇದರ ಹುಟ್ಟಿದ ದಿನ ಗೊತ್ತಿಲ್ಲ ಅಂತ ಅರ್ಥ. ಅಜ್ಜನಿಗೆ ಸ್ವಲ್ಪ ಬೇಜಾರಾಯ್ತು. ನಮ್ಮೂರ ಹೆಡ್‌ಮೇಷ್ಟ್ರು ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಅಂತ ಬರೀತಿದ್ದರು, ಅಪ್ಪನದೂ ಅದೇ, ಅದರಿಂದ ಏನೂ ತೊಂದರೆ ಆಗಿಲ್ಲ ಅಂತ ಸಮಾಧಾನ ಹೇಳಿದೆ.

ಈಗ ಮಳೆ ಇಲ್ಲದ ಭಾನುವಾರ ಕೆನಿಲ್ವರ್ತ್ ಕಡೆಗೆ ಒಂದು ಸುತ್ತು ಹೋಗ್ತೀವಿ. ನಾನು ಓಡಿಸ್ತೀನಿ, ಅಜ್ಜ ಎಡಗಡೆ ಕೂರ್ತಾರೆ. ಬಾಗಿಲಿಲ್ಲದ ಕಾರು, ಕೈ ಹೊರಗಿಟ್ಟು ನಾನು ಮೊದಲು ಹೊಡೆದಿದ್ದ ಆ ಎಡ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡಿರ್ತಾರೆ. ಆಗಾಗ ಒತ್ತಿ ನೋಡ್ತಾರೆ. ಸದ್ದಿಲ್ಲ.

ಆದರೆ ಒಂದು ಒಪ್ಪಂದ ಇದೆ. ಗ್ಯಾರೇಜಿನಿಂದ ಗೇಟಿನವರೆಗೆ ಹನ್ನೆರಡು ಮೀಟರ್ ಅಜ್ಜನ ಸ್ವಂತ ಜಾಗ. ಅಲ್ಲಿ ಲೈಸೆನ್ಸ್ ಬೇಕಿಲ್ಲ. ಹೊರಗೆ ತರೋದೂ, ವಾಪಸ್ ಒಳಗೆ ಇಡೋದೂ ಅವರೇ. ಫಸ್ಟ್ ಗೇರಿನಲ್ಲಿ, ನಡಿಗೆಗಿಂತ ನಿಧಾನ. ನಾನು ಪಕ್ಕದಲ್ಲಿ ನಡ್ಕೊಂಡು ಮೂತಿಯ ಮೇಲೆ ಅಂಗೈ ಇಟ್ಟು, "ಸ್ವಲ್ಪ ಬಲಕ್ಕೆ ಅಜ್ಜ, ಸಾಕು, ನೇರ ಬನ್ನಿ" ಅಂತ ಹೇಳ್ತಾ ಬರ್ತೀನಿ. ಎಂಜಿನ್ನಿನ ನಡುಕ ಕೈಗೆ ಬರುತ್ತೆ. ಮೇಲ್ಭಾಗದಲ್ಲಿ, ಅವತ್ತು ನಮ್ಮಿಬ್ಬರ ಕೈ ನಿಂತಿದ್ದ ಜಾಗದಲ್ಲಿ, ಈಗ ಏನೂ ಸಿಗಲ್ಲ. ಆದ್ರೂ ಪ್ರತಿ ಸಲ ಹುಡುಕ್ತೀನಿ.